ಗಿರಿಜೆಗೆ ತಾಮ್ರದ ನೀರು ಬೇಡ

ಅತ್ತೆ, ಸಂಜೆ ಶಾಲೆಯಲ್ಲಿ ನಾಲ್ಕಕ್ಷರ ಕಲಿತವಳು ನಿಮಗೆ ಹೇಳಹೊರಟಿದ್ದೇನೆ, ಕ್ಷಮಿಸಿ.

ದೊಡ್ಡ ಮಗಳು ವಾರಿಜಳನ್ನು ಮದರಾಸಿನ ಆಸ್ಪತ್ರೆಗೆ ಕರೆದೊಯ್ಯುತ್ತಿದ್ದೇವೆ. ವಿರಾಜಪೇಟೆಯ ಬಸ್ಸಿಗೆ ಹೊತ್ತಾಯಿತು.

ನಿಮ್ಮ ಬಳಿ ಉಳಿಯುವ ಚಿಕ್ಕವಳು ಗಿರಿಜೆಗೆ ಬೆಳಿಗ್ಗೆ ತಾಮ್ರದ ತಂಬಿಗೆಯ ನೀರು ಬೇಡ, ತೀರ್ಥವೂ ಬೇಡ. ಹಿತ್ತಾಳೆಯಲ್ಲೂ ತಾಮ್ರವಿದೆಯಂತೆ, ಮಣ್ಣಿನ ಮಡಕೆಯದನ್ನೇ ಕೊಡಿ.

“ನಿಮ್ಮಪ್ಪ ಇದೇ ನೀರು ಕುಡಿದು ಬೆಳೆದದ್ದು ಕಣೇ, ಅವನಿಗೇನಾಯ್ತು?” ಎಂದು ಗಿರಿಜೆಗೆ ಹೇಳಿದಿರಿ. ಏನೂ ಆಗಲಿಲ್ಲ, ನಿಜ. ನಿಮ್ಮ ಮಗನಿಗೂ, ನಿಮ್ಮ ತಮ್ಮನ ಮಗಳಾದ ನನಗೂ ಮೈಯಲ್ಲಿ ತಾಮ್ರ ತುಂಬಿಕೊಳ್ಳುವ ಮನೆತನದ ಈ ದೋಷ ಅರ್ಧರ್ಧ ಬಂದಿದೆ. ಅರ್ಧವಿದ್ದವರ ಮೈಯಿಂದ ತಾಮ್ರ ತುಸು ನಿಧಾನವಾಗಿಯಾದರೂ ಹೊರಹೋಗುತ್ತದಂತೆ. ವಾರಿಜಳಿಗೆ ಎರಡರ್ಧವೂ ಸೇರಿ, ತಾಮ್ರ ಲಿವರಿನಲ್ಲೇ ನಿಂತಿತು.

ನಿನ್ನೆ ತಂಬಿಗೆ ಕಿತ್ತುಕೊಂಡು, ನೀವೇ ಮಗುವಿಗೆ ವಿಷ ಕುಡಿಸಿದಿರಿ ಎಂದುಬಿಟ್ಟೆ. ರೋಗ ನೀರಿನಿಂದ ಬಂದದ್ದಲ್ಲ. ಆ ಮಾತು ಆಡಬಾರದಿತ್ತು.

ಗಿರಿಜೆ ನಮ್ಮ ಹಾಗೋ, ಅಕ್ಕನ ಹಾಗೋ, ಯಾರಿಗೂ ಇನ್ನೂ ಗೊತ್ತಿಲ್ಲ.