ಕೆಂಪಾಗದ ಸಾಲುಗಳು

ಮಾನ್ಯ ಮಾಹಿತಿ ಸುರಕ್ಷತಾ ಅಧಿಕಾರಿಗಳೇ,

ನಮ್ಮ ಕಣ್ಣಾಸ್ಪತ್ರೆಯ ರೋಗಿಗಳ ಪಟ್ಟಿಯಿದ್ದ ಒಂದು ಸ್ಪ್ರೆಡ್‌ಶೀಟಿನಲ್ಲಿ ತಾನಾಗಿ ನಡೆಯುತ್ತಿದ್ದ ಮ್ಯಾಕ್ರೋವನ್ನು ನೀವು ನಿಲ್ಲಿಸಿದಿರಿ. ಹನ್ನೊಂದು ವಾರ ಅದರ ಪರಿಣಾಮ ಯಾರ ಗಮನಕ್ಕೂ ಬರಲಿಲ್ಲ. ಅಷ್ಟರಲ್ಲಿ ನನ್ನ ದೊಡ್ಡಮ್ಮನ ಎಡಗಣ್ಣಿನ ಅರ್ಧ ನೋಟ ಹೋಯಿತು. ಇನ್ನೂ ನಲವತ್ತೆರಡು ಜನ ನಮ್ಮ ಕರೆಗಾಗಿ ಕಾಯುತ್ತಿದ್ದಾರೆ. ಅವರಿಗೆ ಫೋನ್ ಮಾಡಕೂಡದೆಂದು ಆದೇಶ ಹೊರಡಿಸಿದವರೂ ನೀವೇ. ಎದುರಿಗೆ ನಿಂತು ಹೇಳಲು ನನಗೆ ನಾಲಿಗೆ ಏಳುವುದಿಲ್ಲ, ಹಾಗಾಗಿ ಎಲ್ಲರ ಎದುರು ಈ ಬಹಿರಂಗ ಪತ್ರ ಬರೆಯುತ್ತಿದ್ದೇನೆ.

ನಾನು ಕಣ್ಣಿನ ಒತ್ತಡದ ವಿಭಾಗದಲ್ಲಿ ಪಟ್ಟಿ ತುಂಬುವವಳು. ಓದಿದ್ದು ಸಾಹಿತ್ಯ, ಸಿಕ್ಕಿದ್ದು ಈ ಕುರ್ಚಿ. ಗ್ಲಾಕೋಮಾ ಎಂಬ ಈ ಕಾಯಿಲೆ ನೋಯುವುದಿಲ್ಲ. ಒತ್ತಡ ಏರಿದರೆ ನೋಟ ಅಂಚಿನಿಂದ ಸದ್ದಿಲ್ಲದೆ ಸವೆಯುತ್ತದೆ, ಸವೆದದ್ದು ಮರಳಿ ಬರುವುದಿಲ್ಲ. ಆದ್ದರಿಂದ ಕಾಲಕಾಲಕ್ಕೆ ಅಳೆಯಲೇಬೇಕು. ಮೊದಲು ಕೆಲವರು ತಾರೀಕು ಮರೆಯುತ್ತಿದ್ದರಂತೆ, ಕೆಲವರು ಹೆದರಿ ವಾರವಾರವೂ ಬಂದು ಸಾಲಿನಲ್ಲಿ ನಿಲ್ಲುತ್ತಿದ್ದರಂತೆ. ಕಳೆದ ವರ್ಷ ನಿವೃತ್ತರಾದ ನಮ್ಮ ದೊಡ್ಡ ಸಿಸ್ಟರ್ ಇದಕ್ಕೊಂದು ದಾರಿ ಮಾಡಿದರು. ರೋಗಿಗಳ ಕಾರ್ಡಿನ ಮೇಲೆ ‘ನಾವೇ ಕರೆಯುತ್ತೇವೆ, ಅಲ್ಲಿಯವರೆಗೆ ಬರಬೇಡಿ’ ಎಂದು ಅಚ್ಚು ಹಾಕಿಸಿದರು. ಆಮೇಲೆ, ಕನ್ನಡಕವನ್ನು ಹಣೆಗೇರಿಸಿಕೊಂಡು ಪುಸ್ತಕ ನೋಡಿ ಕಲಿತು, ಪಟ್ಟಿಯೊಳಗೆ ಒಂದು ಮ್ಯಾಕ್ರೋ ಬರೆದರು. ಫೈಲ್ ತೆರೆದ ಕೂಡಲೇ ತಾನಾಗಿ ನಡೆಯುವ ಪುಟ್ಟ ಸೂಚನೆಗಳ ಕಂತೆ ಅದು. ಯಾರ ತಪಾಸಣೆಯ ದಿನ ದಾಟಿದೆಯೋ ಅವರ ಸಾಲನ್ನು ಕೆಂಪು ಮಾಡುತ್ತಿತ್ತು. ಕೆಂಪು ಕಂಡರೆ ಫೋನ್. ಕಾಣದಿದ್ದರೆ ‘ಇವತ್ತು ಹಾಳೆ ಬಿಳಿ’ ಎಂದು ಹೇಳಿ ಚಹಾಕ್ಕೆ ಏಳುವುದು. ನಮ್ಮ ಇಡೀ ವಿಭಾಗ ನಡೆಯುತ್ತಿದ್ದದ್ದು ಆ ಒಂದು ಬಣ್ಣದ ಮೇಲೆ.

ಮ್ಯಾಕ್ರೋಗಳಲ್ಲಿ ವೈರಸ್ ಅಡಗಿರಬಹುದು ಎಂಬ ನಿಮ್ಮ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಹಳೆಯ ಫೈಲನ್ನು ನಿಮ್ಮ ಕಚೇರಿಯಲ್ಲೇ ಇಟ್ಟುಕೊಂಡು, ಮ್ಯಾಕ್ರೋ ನಡೆಯದ ಪ್ರತಿಯೊಂದನ್ನು ಎಲ್ಲರಿಗೂ ಹಂಚುವ ಮುನ್ನ ‘ಇದು ಏನು ಕೆಲಸ ಮಾಡುತ್ತದೆ?’ ಎಂದು ಯಾರನ್ನಾದರೂ ಕೇಳಿದಿರಾ? ಕೇಳಲು ಎಷ್ಟು ಹೊತ್ತು ಬೇಕಿತ್ತು? ನಿಮ್ಮ ಸುತ್ತೋಲೆಗೆ ಒಂಬತ್ತು ಪುಟಗಳಿದ್ದವು. ಅದರಲ್ಲಿ ‘ರೋಗಿ’ ಎಂಬ ಪದವನ್ನು ನಾನು ಎರಡು ಸಲ ಹುಡುಕಿದೆ. ಇರಲಿಲ್ಲ.

ಹೊಸ ಪ್ರತಿ ತೆರೆದಾಗಲೆಲ್ಲ ಮೇಲ್ಗಡೆ ಒಂದು ಹಳದಿ ಪಟ್ಟಿ ಬರುತ್ತಿತ್ತು; ಮ್ಯಾಕ್ರೋ ನಿಲ್ಲಿಸಲಾಗಿದೆ ಎಂಬ ಎಚ್ಚರಿಕೆ ಅದೆಂದು ಆಗ ನನಗೆ ತಿಳಿಯಲಿಲ್ಲ. ಮೊದಲ ವಾರವೇ ನಿಮ್ಮ ತಂತ್ರಜ್ಞರನ್ನು ಕೇಳಿದೆ.

“ಸರ್, ಈ ಹಳದಿ ಪಟ್ಟಿ ಏನೋ ಹೇಳ್ತಿದೆಯಲ್ಲ…”

“ಅದು ಹಾಗೇ ಹೇಳ್ತಿರುತ್ತೆ ಮೇಡಂ. ಆ ಮೂಲೇಲಿ ಒತ್ತಿ, ಹೋಗುತ್ತೆ.”

“ಅಲ್ಲ, ಮುಂಚೆ ಇದು ಬರ್ತಾ ಇರ್ಲಿಲ್ಲ…”

“ಕತೆ ಕಾದಂಬರಿ ಓದಿದೋರ್ದು ಇದೇ ಕಾಟ ನೋಡಿ. ಎಲ್ಲದ್ರಲ್ಲೂ ಒಳ ಅರ್ಥ ಹುಡುಕ್ತೀರ!”

ಕೋಣೆಯಲ್ಲಿ ಎಲ್ಲರೂ ನಕ್ಕರು. ನಾನೂ ನಕ್ಕೆ. ಮೂಲೆಯಲ್ಲಿ ಒತ್ತಿದೆ, ಪಟ್ಟಿ ಹೋಯಿತು. ಆಮೇಲೆ ದಿನವೂ ಒತ್ತಿದೆ. ಬರೆಯದೆ ಬಿಟ್ಟದ್ದನ್ನೂ ಓದಬೇಕೆಂದು ಕಾಲೇಜಿನಲ್ಲಿ ಮೂರು ವರ್ಷ ಕಲಿತವಳು, ಆ ಬಿಳಿ ಹಾಳೆಯನ್ನು ಹನ್ನೊಂದು ವಾರ ಓದಲಾರದೆ ಹೋದೆ. ನೀವಾದರೋ ಅದಕ್ಕೆ ಬಹುಮಾನ ಕೊಟ್ಟಿರಿ! ‘ತಪಾಸಣೆ ಮೀರಿದ ಪ್ರಕರಣಗಳು ಶೂನ್ಯ, ಹೊಸ ವ್ಯವಸ್ಥೆಯ ಸಾಧನೆ ಶ್ಲಾಘನೀಯ’ ಎಂಬ ನಿಮ್ಮ ಪತ್ರ ಈಗಲೂ ನಮ್ಮ ಗೋಡೆಯ ಮೇಲಿದೆ. ಅದಕ್ಕೆ ವಿಭಾಗದ ಪರವಾಗಿ ಕೃತಜ್ಞತಾ ಪತ್ರ ಟೈಪು ಮಾಡಿದವಳು ನಾನೇ.

ನನ್ನ ದೊಡ್ಡಮ್ಮ ಬಟ್ಟೆ ಹೊಲಿಯುವವರು. ಅವರ ಹೆಸರೂ ಆ ಪಟ್ಟಿಯಲ್ಲಿತ್ತು. ಭಾನುವಾರ ಅವರ ಮನೆಗೆ ಹೋದಾಗಲೆಲ್ಲ ಮಿಷನ್ ತುಳಿಯುತ್ತಲೇ ಕೇಳುತ್ತಿದ್ದರು.

“ನನ್ನ ಸರದಿ ಬಂತೇನೇ?”

“ಇಲ್ಲ ದೊಡ್ಡಮ್ಮ. ಬಂದ್ರೆ ಕೆಂಪಾಗುತ್ತೆ.”

“ಸರಿ ಬಿಡು. ಮನೆ ಮಗಳೇ ಅಲ್ಲಿ ಕೂತಿರೋವಾಗ ನಂಗೇನು ಚಿಂತೆ!”

ಹಾಗೆ ಎರಡು ಸಲ ಹೇಳಿದೆ. ಮೂರನೆಯ ಸಲ ಹೋದಾಗ ಅವರ ಎಡಭುಜ ಬಾಗಿಲ ಚೌಕಟ್ಟಿಗೆ ಬಡಿಯಿತು. “ಹಾಳು ಬಾಗಿಲು, ಈಚೆಗೆ ಅಡ್ಡಡ್ಡ ಬರುತ್ತೆ” ಎಂದು ಅದಕ್ಕೇ ಬೈದರು. ಹೊಲಿದ ಅಂಗಿಯ ಎಡತೋಳು ಸೊಟ್ಟಗಿತ್ತು. ನಲವತ್ತು ವರ್ಷದಲ್ಲಿ ಅವರ ಕೈಯಿಂದ ಸೊಟ್ಟ ಹೊಲಿಗೆ ಬಂದದ್ದನ್ನು ನಮ್ಮ ಮನೆಯವರು ಯಾರೂ ಕಂಡಿಲ್ಲ. ಮರುದಿನ ಬೆಳಿಗ್ಗೆಯೇ ಕರೆದುಕೊಂಡು ಬಂದೆ. ಅವರ ತಪಾಸಣೆಯ ದಿನ ಮೀರಿ ಎಂಟು ವಾರ ಆಗಿತ್ತು. ಒತ್ತಡ ಇಳಿಸಲು ಕಣ್ಣಿಗೆ ಹಾಕುತ್ತಿದ್ದ ಹನಿ ಕೆಲಸ ಮಾಡುವುದು ನಿಂತಿತ್ತು. “ಹೋದ ನೋಟ ಬರಲ್ಲಮ್ಮ, ಉಳಿದದ್ದನ್ನ ಗಟ್ಟಿಯಾಗಿ ಹಿಡ್ಕೊಳ್ಳೋಣ” ಎಂದರು ಡಾಕ್ಟರು. ನಾನು ಕೂತಿದ್ದದ್ದು ದೊಡ್ಡಮ್ಮನ ಎಡಗಡೆ. ಎದ್ದು ಬಲಗಡೆಗೆ ಹೋಗಿ ಕೂತೆ.

ಅಂದು ಮಧ್ಯಾಹ್ನ ಪರದೆಯ ಮೇಲೆ ಬೆರಳಿಟ್ಟು ಒಂದೊಂದೇ ತಾರೀಕು ಓದಿದೆ. ದಿನ ಮೀರಿದವರು ಒಟ್ಟು ನಲವತ್ತಮೂರು. ದೊಡ್ಡಮ್ಮನನ್ನು ಕಳೆದರೆ ನಲವತ್ತೆರಡು. ಪಟ್ಟಿ ಬರೆದು ನಿಮ್ಮ ಕಚೇರಿಗೆ ಕಳಿಸಿದೆ. ಬಂದ ಉತ್ತರ ಹೀಗಿತ್ತು: ಇದು ‘ದತ್ತಾಂಶ ನಮೂದಕರ ಅಲಕ್ಷ್ಯ’, ಅಂದರೆ ಪಟ್ಟಿ ತುಂಬುವ ನನ್ನದು; ತನಿಖೆ ಮುಗಿಯುವವರೆಗೆ ರೋಗಿಗಳನ್ನು ಸಂಪರ್ಕಿಸಕೂಡದು. ಅಲಕ್ಷ್ಯ ಒಪ್ಪಿದೆ ಸ್ವಾಮಿ. ನನ್ನ ಪಾಲನ್ನು ನಾನು ಹೊರುತ್ತೇನೆ. ಆದರೆ ತನಿಖೆ ಮುಗಿಯುವವರೆಗೆ ಕಣ್ಣಿನ ಒತ್ತಡವೂ ಏರದೆ ಕಾಯಬೇಕೆಂದು ಯಾವ ಸುತ್ತೋಲೆ ಹೊರಡಿಸುತ್ತೀರಿ? ಆ ನಲವತ್ತೆರಡು ಮನೆಗಳಲ್ಲಿ ಯಾರ ಭುಜ ಯಾವ ಬಾಗಿಲಿಗೆ ಬಡಿಯುತ್ತಿದೆಯೋ ಗೊತ್ತೇ? ಕಾರ್ಡಿನ ಮೇಲೆ ನಾವು ಅಚ್ಚು ಹಾಕಿದ ಮಾತನ್ನು ನಂಬಿ ಅವರು ಇನ್ನೂ ಮನೆಯಲ್ಲೇ ಕೂತಿದ್ದಾರೆ.

ನನ್ನ ಬೇಡಿಕೆ ಇಷ್ಟೇ. ಆ ಆದೇಶವನ್ನು ಇಂದೇ ಹಿಂತೆಗೆದುಕೊಳ್ಳಿ. ದೊಡ್ಡ ಸಿಸ್ಟರ್ ಅವರ ಮೂಲ ಫೈಲನ್ನು, ಬೇಕಾದರೆ ಇಂಟರ್‌ನೆಟ್ ಇಲ್ಲದ ಒಂದು ಕಂಪ್ಯೂಟರಿನಲ್ಲಿ, ಪರೀಕ್ಷಿಸಿ ಮರಳಿ ಕೊಡಿ. ಗೋಡೆಯ ಮೇಲಿನ ಶ್ಲಾಘನೆಯನ್ನು ನೀವೇ ಬಂದು ಇಳಿಸಿ. ಆದೇಶ ಬಂದರೂ ಬಾರದಿದ್ದರೂ ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ವಿಭಾಗದ ಫೋನಿನಿಂದ ಮೊದಲ ನಂಬರ್ ಒತ್ತುತ್ತೇನೆ. ಅಪರಿಚಿತರ ಜೊತೆ ಫೋನಿನಲ್ಲಿ ನನಗೆ ಮಾತೇ ಹೊರಡುವುದಿಲ್ಲ ಎಂದು ದೊಡ್ಡಮ್ಮನ ಹತ್ತಿರ ಹೇಳಿಕೊಂಡೆ.

“ನಾನು ಬಂದು ಪಕ್ಕದಲ್ಲಿ ಕೂತ್ಕೋತೀನಿ. ನೀನು ನಂಬರ್ ಒತ್ತು, ನಾನು ಮಾತಾಡ್ತೀನಿ” ಎಂದರು. “ಹೋಗಿರೋದು ಕಣ್ಣು ಕಣೇ, ಬಾಯಲ್ಲ.”

ಇಂತಿ,
‘ಬಂದ್ರೆ ಕೆಂಪಾಗುತ್ತೆ’ ಎಂದು ಎರಡು ಸಲ ಹೇಳಿದವಳು