ಹುಲ್ಲಿನಡಿಯ ಕಪ್ಪು

ಇನ್ನಂಜೆ, ಡಿಸೆಂಬರ್ 2006

ವಾರಿಜಾ,

ನೀನು ಹೋಗಿ ಎರಡು ವರ್ಷವಾದ ಮೇಲೆ ನಿನ್ನ ಬಗ್ಗೆ ಹೀಗೊಂದು ಬೆರಗು ಹುಟ್ಟಬೇಕಿತ್ತೇ? ನಾಚಿಕೆಯೂ ಆಗುತ್ತದೆ, ಅದಕ್ಕೇ ಬರೆಯುತ್ತಿದ್ದೇನೆ.

ಬೇಸಾಯವಿಲ್ಲದೆ ಹಡಿಲು ಬಿದ್ದ ನಮ್ಮ ಕೆಳಗಿನ ಗದ್ದೆಯಲ್ಲಿ ನೀನು ಹನ್ನೆರಡು ವರ್ಷ ದನ ಮೇಯಿಸಿದೆ. ದಿನಾ ಬೆಳಿಗ್ಗೆ ಗೂಟ ಕಿತ್ತು ನಾಲ್ಕು ಮಾರು ಆಚೆ ಹೊಡೆಯುತ್ತಿದ್ದೆ. ಮೇಯ್ದ ಜಾಗಕ್ಕೆ ತಿಂಗಳು ಕಳೆಯದೆ ದನ ಮರಳುವಂತಿರಲಿಲ್ಲ. ಗೂಟಕ್ಕೂ ಟೈಮ್‌ಟೇಬಲ್ಲೋ ಎಂದು ನಾನು ನಕ್ಕರೆ, "ನಿಮಗೆ ದಿನಕ್ಕೊಂದು ಅಂಗಿ ಬೇಕು, ದನಕ್ಕೆ ದಿನಕ್ಕೊಂದು ಜಾಗ ಬೇಡ್ವಾ?" ಎನ್ನುತ್ತಿದ್ದೆ.

ನಾನು ಮಾಡಿದ್ದೇನು ಗೊತ್ತೇ? ಮಲ್ಲಿಗೆ ಬುಡಕ್ಕೆ ಗೊಬ್ಬರವಾಗಿ ಸುಡುಮಣ್ಣು ಬೇಕೆಂದು ಕಳೆದ ವರ್ಷ ಅದೇ ಗದ್ದೆಯ ಒಂದು ಮೂಲೆಯ ಮಣ್ಣನ್ನು ಹುಲ್ಲು ಬೇರು ಸಮೇತ ಕೆತ್ತಿಸಿ, ತರಗೆಲೆ ಹೇರಿ ಸುಟ್ಟೆ. ಅಪ್ಪ ಮಾಡುತ್ತಿದ್ದರು, ನಾನೂ ಮಾಡಿದೆ. ಈ ಸಲ ಉಳಿದದ್ದಕ್ಕೆ ಚಂದಪ್ಪನನ್ನು ಕರೆದೆ, ಬಾದಾಮಿ ಕಡೆಯಿಂದ ಕೂಲಿಗೆ ಬಂದವನು. ಅರ್ಧ ಗದ್ದೆ ಕೆತ್ತಿ ರಾಶಿ ಹಾಕಿಯಾಗಿತ್ತು. ಬೆಂಕಿ ಕೊಡುವುದೊಂದೇ ಬಾಕಿ.

ಆಗಲೇ ಬಂದಳು ನಿನ್ನ ತಂಗಿ ವಿನೋದಾಳ ಮಗಳು ಚೈತಾಲಿ, ಮಣಿಪಾಲದಲ್ಲಿ ಓದುವವಳು. ಹಿಂದಿನ ತಿಂಗಳು ಎರಡು ಪೊಟ್ಟಣ ಮಣ್ಣು ಪರೀಕ್ಷೆಗೆ ಕೊಂಡುಹೋಗಿದ್ದಳು: ಸುಟ್ಟ ಮೂಲೆಯದೊಂದು, ನಿನ್ನ ಹುಲ್ಲಿನಡಿಯದೊಂದು.

"ದೊಡ್ಡಪ್ಪ, ಬೆಂಕಿ ಕೊಡ್ಬೇಡಿ! ಹುಲ್ಲಿನಡಿಯ ಮಣ್ಣಲ್ಲಿ ಕಾರ್ಬನ್ ಸುಟ್ಟದ್ದರ ಎರಡು ಪಟ್ಟು ಉಂಟು. ಗಾಳಿಯಲ್ಲಿದ್ದದ್ದನ್ನು ದೊಡ್ಡಮ್ಮ ಮಣ್ಣಲ್ಲಿ ಕಟ್ಟಿ ಹಾಕಿದ್ದಾರೆ!"

ಕಾಪು ಹೆದ್ದಾರಿಯ ಲಾರಿಗಳ ಹೊಗೆ, ನನ್ನ ಬೀಡಿಯದ್ದು, ಗೂಟ ಹೊಡೆಯುವಾಗಿನ ನಿನ್ನ ಏದುಸಿರು, ಎಲ್ಲವನ್ನೂ ಹುಲ್ಲು ಕುಡಿದು ಬೇರಿಗೆ ಇಳಿಸುತ್ತದಂತೆ. ದನ ಮೇಯ್ದಾಗ ಒಂದಿಷ್ಟು ಬೇರು ಸತ್ತು ಮಣ್ಣಾಗುತ್ತದೆ, ಹುಲ್ಲಿಗೆ ಬಿಡುವು ಸಿಕ್ಕಿದರೆ ಹೊಸ ಬೇರು ಇಳಿಯುತ್ತದೆ. 'ಮ್ಯಾಟರ್ ಕ್ಯಾನ್ ನೈದರ್ ಬಿ ಕ್ರಿಯೇಟೆಡ್ ನಾರ್...' ಎಂದು ಕಾಲೇಜಿನಲ್ಲಿ ಬಾಯಿಪಾಠ ಮಾಡಿದ್ದೆ. ಮುಂದಿನ ಶಬ್ದ ಮರೆತಿದೆ. ಯಾವುದೂ ಹೊಸದಾಗಿ ಹುಟ್ಟುವುದಿಲ್ಲ, ಇಲ್ಲವಾಗುವುದೂ ಇಲ್ಲ ಎಂಬ ಅದರ ಅರ್ಥ ಹೊಳೆದದ್ದು ಮಾತ್ರ ಮೊನ್ನೆ, ಅರವತ್ತೆಂಟನೇ ವಯಸ್ಸಿನಲ್ಲಿ, ಗದ್ದೆಯಲ್ಲಿ ಕುಕ್ಕರುಗಾಲಲ್ಲಿ ಕೂತು ಒಂದು ಹಿಡಿ ಮಣ್ಣು ಎತ್ತಿದಾಗ. ಎಂಥ ಕಪ್ಪು, ಮಾರಾಯ್ತಿ! ನಿನ್ನ ಉಸಿರೂ ಅದರಲ್ಲಿ ಉಂಟಲ್ಲ. ಅದನ್ನೇ ಅಲ್ವಾ ನಾನು ಸುಡಲು ಹೊರಟದ್ದು!

ಕೆತ್ತಿದ್ದನ್ನು ಮತ್ತೆ ಹಾಸು ಎಂದೆ. ಚಂದಪ್ಪ ಸೊಂಟದ ಮೇಲೆ ಕೈಯಿಟ್ಟ. "ಏನ್ರೀ ಯಜಮಾನ್ರ, ನಿನ್ನಿ ಕೆತ್ತಂದ್ರಿ, ಇವತ್ತ ಹಾಸಂತೀರಿ. ಮಣ್ಣಿಗೆ ಕೌದಿ ಹೊಲಿಯೂದೇನು?"

ಹೊಲಿದೆವು. ಹೆಂಟೆಗೆ ಹೆಂಟೆ ತಾಗಿಸಿ, ಹುಲ್ಲು ಮೇಲಾಗಿ. ಬದುಕುತ್ತದೋ ಇಲ್ಲವೋ ಗೊತ್ತಿರಲಿಲ್ಲ. ದಿನಕ್ಕೆರಡು ಸಲ ಕೊಡಪಾನದಲ್ಲಿ ನೀರು ಹೊತ್ತೆ.

ಇವತ್ತಿಗೆ ಹನ್ನೆರಡು ದಿನ. ಒಂದು ಹೆಂಟೆಯ ಅಂಚು ಹಿಡಿದು ಮೆಲ್ಲ ಎತ್ತಿ ನೋಡಿದೆ. ಏಳಲಿಲ್ಲ ವಾರಿಜಾ. ಅಡಿಯಿಂದ ಯಾರೋ ಹಿಡಿದುಕೊಂಡ ಹಾಗಿತ್ತು.

ಇದ್ದಲ್ಲಿ ತಂಪಾಗಿರು.

ನೀನು ಒಮ್ಮೆಯೂ ಹೆಸರು ಹಿಡಿದು ಕರೆಯದ,
ಅಣ್ಣು