ಒಳಗೂ ಬೇಡ, ಹೊರಗೂ ಬೇಡ ಎಂದವರಿಗೆ

ಪರಿಹಾರ ಶಿಬಿರದ ಉಸ್ತುವಾರಿ ಹೊತ್ತ ಮಾನ್ಯ ಅಧಿಕಾರಿಗಳೇ,

ನನ್ನ ತಂಗಿಯ ಅತ್ತೆ ಸುಟ್ಟು ಸತ್ತದ್ದು ನನ್ನ ತಂಗಿಯ ಅಜಾಗರೂಕತೆಯಿಂದ ಎಂದು ನೀವು ಶಿಬಿರದ ಗೇಟಿಗೆ ಪ್ರಕಟಣೆ ಅಂಟಿಸಿದ್ದೀರಿ. ಅದು ಸುಳ್ಳು. ಆಕೆ ಸತ್ತದ್ದು ನಿಮ್ಮ ಆದೇಶದಿಂದ. ಈ ಮಾತನ್ನು ನಿಮ್ಮ ಎದುರಿಗೇ ಹೇಳೋಣವೆಂದು ಕಚೇರಿಗೆ ಬಂದಿದ್ದೆ. ಸಾಹೇಬರು ಮೀಟಿಂಗಿನಲ್ಲಿದ್ದಾರೆ ಎಂದರು. ಮತ್ತೆ ಬಂದೆ, ಆ ಮೀಟಿಂಗು ಇನ್ನೂ ಮುಗಿದಿರಲಿಲ್ಲ. ಆದ್ದರಿಂದ ಊರಿಗೆಲ್ಲ ಕೇಳಿಸುವ ಹಾಗೆ ಬರೆಯುತ್ತಿದ್ದೇನೆ. ನಾನು ಕ್ಷೌರದಂಗಡಿ ಇಟ್ಟುಕೊಂಡಿದ್ದವನು. ಭೂಮಿ ನಡುಗಿದಾಗ ಅಂಗಡಿಯೂ ಕುಸಿಯಿತು, ತಂಗಿಯ ಮನೆಯೂ ಕುಸಿಯಿತು. ಅಂದಿನಿಂದ ಆಟದ ಮೈದಾನದಲ್ಲಿ ನೀವು ಹಾಕಿಸಿದ ಟೆಂಟುಗಳೇ ನಮ್ಮ ಮನೆ.

ಉಂಡ ಮನೆಗೆ ಎರಡು ಬಗೆಯುವ ಜಾಯಮಾನ ನನ್ನದಲ್ಲ. ಟೆಂಟು ಕೊಟ್ಟಿರಿ, ಕಂಬಳಿ ಕೊಟ್ಟಿರಿ, ಅಕ್ಕಿ ಬೇಳೆ ಕೊಟ್ಟಿರಿ. ಬೇಯಿಸಿಕೊಳ್ಳಲು ಟೆಂಟಿಗೊಂದು ಪುಟ್ಟ ಗ್ಯಾಸ್ ಒಲೆ, ಅದಕ್ಕೆ ಕೂರಿಸುವ ಗ್ಯಾಸ್ ತುಂಬಿದ ಡಬ್ಬಿಗಳು, ಎಲ್ಲವನ್ನೂ ಕೊಟ್ಟಿರಿ. ಒಲೆ ಬಂದ ಪೆಟ್ಟಿಗೆಯ ಮೇಲೆ ಒಂದು ಚಿತ್ರವಿತ್ತು: ಟೆಂಟು, ಅದರೊಳಗೆ ಉರಿಯುವ ಒಲೆ, ಎರಡರ ಮೇಲೂ ದಪ್ಪನೆಯ ಕೆಂಪು ಗೀಟು. ತಂಗಿಯ ಅತ್ತೆಗೆ ಒಂದು ಕಿವಿ ಮಂದ, ನಾಲಿಗೆ ಮಾತ್ರ ಬಲು ಚುರುಕು. ಆ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಟೆಂಟೂ ಅವರೇ ಕೊಟ್ರು, ಒಲೇನೂ ಅವರೇ ಕೊಟ್ರು, ಎರಡನ್ನೂ ಒಟ್ಟಿಗೆ ಇಡಬೇಡಿ ಅಂತಾನೂ ಅವರೇ ಹೇಳ್ತಾರೆ. ಬೇಯಿಸ್ಕೊಳ್ಳೋಕೆ ಜಾಗ ಕೊಡೋದನ್ನ ಮಾತ್ರ ಮರೆತ್ರಾ?" ಎಂದು ಕೇಳಿದ್ದರು. ನಾವೆಲ್ಲ ನಕ್ಕಿದ್ದೆವು.

ಜಾಗವನ್ನು ಕೊನೆಗೆ ಹೆಂಗಸರೇ ಮಾಡಿಕೊಂಡರು. ಮೊದಲ ವಾರದಲ್ಲೇ ಯಾರದೋ ಟೆಂಟಿನ ಬಾಗಿಲಲ್ಲಿ ಹಚ್ಚಿದ ಒಲೆಯ ಉರಿ ಗಾಳಿಗೆ ವಾಲಿ ಬಟ್ಟೆಗೆ ತಾಗಿತ್ತು. ನೀವು ಕೊಟ್ಟ ಟೆಂಟಿನ ಬಟ್ಟೆ ಸುಮ್ಮನೆ ಉರಿಯುವುದಿಲ್ಲ ಸ್ವಾಮಿ, ಕರಗಿ ತೊಟ್ಟಿಕ್ಕುತ್ತದೆ. ಅದನ್ನು ಕಂಡ ಮೇಲೆ ಎಲ್ಲರೂ ಒಲೆಗಳನ್ನು ಎತ್ತಿಕೊಂಡು ಮೈದಾನದ ಆಚೆ ತುದಿಯ ಕಾಂಪೌಂಡ್ ಗೋಡೆಯ ಬುಡಕ್ಕೆ ಹೋದರು. ಬಿದ್ದ ಮನೆಗಳ ಇಟ್ಟಿಗೆ ತಂದು, ಡಬ್ಬಿಗೆ ಬಿಸಿ ಹೊಡೆಯದ ಹಾಗೆ ಒಂದೇ ಮಗ್ಗುಲಿಗೆ ಗಾಳಿಮರೆ ಕಟ್ಟಿದರು. ಮಕ್ಕಳು ಒಳಗೆ ನುಗ್ಗದಂತೆ ಹಗ್ಗ ಎಳೆದರು. ಡಬ್ಬಿ ಬದಲಿಸುವಾಗ ಒಂದು ಪದ್ಧತಿ ತಾನಾಗಿಯೇ ಬೆಳೆಯಿತು. ಯಾರ ಡಬ್ಬಿ ಮುಗಿಯಿತೋ ಅವಳು "ಡಬ್ಬಿ" ಎಂದು ಗಟ್ಟಿಯಾಗಿ ಕೂಗಬೇಕು; ಅಕ್ಕಪಕ್ಕದವರು ತಮ್ಮ ಉರಿ ಆರಿಸಬೇಕು; ಹೊಸ ಡಬ್ಬಿ ಸರಿಯಾಗಿ ಕೂತಿತೆಂದು ಅವಳು ಹೇಳುವವರೆಗೆ ಯಾರೂ ಕಡ್ಡಿ ಗೀರಬಾರದು. ಅನ್ನ ಅರ್ಧ ಬೆಂದಿದ್ದರೂ ಆರಿಸುತ್ತಿದ್ದರು. ಇಷ್ಟು ವರ್ಷಕ್ಕೆ ತನಗೊಂದು ದೊಡ್ಡ ಅಡಿಗೆಮನೆ ಸಿಕ್ಕಿತೆಂದು ತಂಗಿಯ ಅತ್ತೆ ಮೋಟುಗೋಡೆಯ ಮೇಲೆ ಕೂತು ಯಜಮಾನಿಕೆ ನಡೆಸುತ್ತಿದ್ದರು. ಮನೆಯಲ್ಲಿ ಉಪ್ಪು ಖಾರಕ್ಕೆ ಜಗಳವಾಡುತ್ತಿದ್ದ ಅತ್ತೆ ಸೊಸೆ ಅಲ್ಲಿ ಒಂದೇ ತಟ್ಟೆಯಲ್ಲಿ ಉಣ್ಣುತ್ತಿದ್ದರು. ಆ ಸಾಲಿನಲ್ಲಿ ಒಬ್ಬರಿಗೂ ಒಂದು ಬೊಬ್ಬೆ ಏಳಲಿಲ್ಲ.

ಆಮೇಲೆ ನಿಮ್ಮ ಮೇಲಿನವರು ಶಿಬಿರ ನೋಡಲು ಬರುತ್ತಾರೆಂದು ಗೊತ್ತಾಯಿತು. ನಿಮಗೆ ಕೈಕಾಲು ಆಡದಾಯಿತು. ದೂರದೂರ ಇದ್ದ ಟೆಂಟುಗಳನ್ನು ಕಿತ್ತು, ಹಗ್ಗಕ್ಕೆ ಹಗ್ಗ ತಾಗುವಂತೆ ಸಾಲು ಹಿಡಿಸಿದಿರಿ. ಗಡ್ಡ ಬಿಟ್ಟ ಗಂಡಸರನ್ನೆಲ್ಲ ಬೋಳಿಸಿ ಗೇಟಿನ ಬಳಿ ನಿಲ್ಲಿಸಬೇಕೆಂದು ನನಗೂ ಅಪ್ಪಣೆಯಾಯಿತು. ಮನೆ ಕಳೆದುಕೊಂಡವರು ಕನಿಷ್ಠಪಕ್ಷ ಗಡ್ಡವನ್ನಾದರೂ ಕಳೆದುಕೊಂಡು ಲಕ್ಷಣವಾಗಿ ಕಾಣಲಿ ಎಂದಿರಬೇಕು. ಗೋಡೆಯ ಬುಡದ ಒಲೆಗಳು ಮಾತ್ರ ನಿಮ್ಮ ಕಣ್ಣಿಗೆ ಕಸವಾಗಿ ಕಂಡವು. ಒಲೆಗಳನ್ನೆಲ್ಲ ಟೆಂಟಿನೊಳಗೆ ಇಟ್ಟುಕೊಳ್ಳಿ, ಹೊರಗೆ ಒಂದೂ ಕಾಣಕೂಡದು, ಬಾಗಿಲು ಕಟ್ಟಿಕೊಳ್ಳಿ ಎಂದು ಧ್ವನಿವರ್ಧಕದಲ್ಲಿ ಕೂಗಿಸಿದಿರಿ. ಇಟ್ಟಿಗೆಗಳನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದಿರಿ. ಈಗ ನಿಮ್ಮ ಪ್ರಕಟಣೆಯಲ್ಲಿ, "ಗುಡಾರದೊಳಗೆ ಅಡುಗೆ ಮಾಡುವುದನ್ನು ಮೊದಲಿನಿಂದಲೂ ನಿಷೇಧಿಸಲಾಗಿತ್ತು" ಎಂದು ಬರೆದಿದ್ದೀರಿ. ಹೌದು, ಹಾಗೊಂದು ಫಲಕ ಮೊದಲಿನಿಂದಲೂ ಇತ್ತು. ಒಳಗೆ ಬೇಡವೆಂದು ಫಲಕ ಹೇಳಿತು, ಹೊರಗೆ ಬೇಡವೆಂದು ಧ್ವನಿವರ್ಧಕ ಹೇಳಿತು. ಉಳಿದದ್ದು ಎಲ್ಲಿ ಸ್ವಾಮಿ? ನಮ್ಮ ಅಂಗೈ ಮೇಲೆ ಬೇಯಿಸಿಕೊಳ್ಳಬೇಕಿತ್ತೇ?

ಬೆಳಗ್ಗೆ ಬರಬೇಕಾಗಿದ್ದ ಅತಿಥಿಗಳು ಮಧ್ಯಾಹ್ನ ದಾಟಿದರೂ ಬರಲಿಲ್ಲ. ಅಲ್ಲಿಯವರೆಗೆ ತಂಗಿ ಒಲೆ ಮುಟ್ಟಿರಲಿಲ್ಲ. ಅತ್ತೆಗೆ ಎದೆ ಕಟ್ಟಿ ಕೆಮ್ಮು ಹತ್ತಿತ್ತು, ಮಾತ್ರೆ ನುಂಗಲು ಒಂದು ಲೋಟ ಬಿಸಿನೀರು ಕೇಳಿದರು. ಹೊರಗೆ ಹೋಗುವಂತಿಲ್ಲ. ಸ್ವಯಂಸೇವಕನೊಬ್ಬ ಬಾಗಿಲು ಕಟ್ಟಿ, ಬಾಗಿಲು ಕಟ್ಟಿ ಎನ್ನುತ್ತ ಸಾಲಿನುದ್ದಕ್ಕೂ ಓಡಾಡುತ್ತಿದ್ದ. ಬಾಗಿಲು ಗಾಳಿಗೆ ಬಿಚ್ಚಿಕೊಂಡು ಒಲೆ ಕಂಡೀತೆಂದು ಹೆದರಿ, ತಂಗಿ ಅದರ ದಾರಕ್ಕೆ ಬಿಗಿಯಾಗಿ ಗಂಟು ಹಾಕಿ ಒಳಗೆ ಒಲೆ ಹಚ್ಚಿದಳು. ನೀರು ಕಾಯುವ ಮೊದಲೇ ಡಬ್ಬಿ ಮುಗಿಯಿತು.

ಇಲ್ಲಿ ಸ್ವಲ್ಪ ಗಮನವಿಟ್ಟು ಓದಿ. ಹೊಸ ಡಬ್ಬಿ ಕೈಗೆತ್ತಿಕೊಂಡ ತಂಗಿ ಆ ಕಟ್ಟಿದ ಟೆಂಟಿನೊಳಗಿನಿಂದಲೂ "ಡಬ್ಬಿ" ಎಂದು ಕೂಗಿದಳು. ಉತ್ತರ ಬರಲಿಲ್ಲವೆಂದು ಮತ್ತೆ ಕೂಗಿದಳು. ಒಂದು ಮೊಳ ಆಚೆ, ಬಟ್ಟೆಯ ಆ ಕಡೆ, ಬಸ್ ಕಂಡಕ್ಟರರ ಹೆಂಡತಿ ತಮ್ಮ ಟೆಂಟಿನಲ್ಲಿ ಮಗುವಿಗೆ ಹಾಲು ಕಾಯಿಸುತ್ತಿದ್ದರು. ಅವರಿಗೆ ಏನೂ ಕೇಳಿಸಲಿಲ್ಲ, ಏಕೆಂದರೆ ನಿಮ್ಮ ಧ್ವನಿವರ್ಧಕದಲ್ಲಿ ಸ್ವಾಗತದ ಹಾಡು ಅರಚುತ್ತಿತ್ತು. ಎರಡು ಸಲ ಕೂಗಿದ ಮೇಲೆ ಉರಿ ಆರಿಸಿರುತ್ತಾರೆ ಎಂದುಕೊಂಡು ತಂಗಿ ಡಬ್ಬಿ ಕೂರಿಸಿದಳು. ಅದು ಒಲೆಯ ಕಚ್ಚಿನಲ್ಲಿ ಸರಿಯಾಗಿ ಕೂರದೆ ಬುಸ್ಸೆಂದಿತು. ಆ ಗ್ಯಾಸು ಮೇಲಕ್ಕೆ ಹೋಗುವಂಥದ್ದಲ್ಲ. ಚೆಲ್ಲಿದ ನೀರಿನ ಹಾಗೆ ನೆಲ ಹಿಡಿದು ಹರಿಯಿತು, ಬಟ್ಟೆಯ ಅಡಿಯಿಂದ ಪಕ್ಕದ ಉರಿಗೆ ತಾಗಿತು, ಬೆಂಕಿಯಾಗಿ ವಾಪಸು ಬಂತು. ಗೋಡೆಯ ಬುಡದ ಬಯಲಿನಲ್ಲಾಗಿದ್ದರೆ ಗಾಳಿ ಅದನ್ನು ಹೊತ್ತುಕೊಂಡು ಹೋಗುತ್ತಿತ್ತು.

ಗೇಟಿನ ಬಳಿ ಒಬ್ಬರ ಗಡ್ಡ ಹೆರೆಯುತ್ತಿದ್ದ ನಾನು ಕೈಯಲ್ಲಿದ್ದ ಕತ್ತಿಯೊಂದಿಗೇ ಓಡಿದೆ. ಕಂಡಕ್ಟರರ ಹೆಂಡತಿ ಮಗುವನ್ನೆತ್ತಿಕೊಂಡು ಹೇಗೋ ಹೊರಬಿದ್ದಿದ್ದರು. ಬಟ್ಟೆ ಸೀಳಿ ತಂಗಿಯನ್ನು ಎಳೆದುಕೊಂಡೆ. ಅವಳ ಎರಡು ಕೈಗಳೂ ಆ ಗಂಟಿನ ಮೇಲೇ ಇದ್ದವು. ಅತ್ತೆ ಒಳಗಿನ ಮೂಲೆಯಲ್ಲಿದ್ದರು. ಅಷ್ಟು ಹೊತ್ತಿಗೆ ಮಾಡು ಕರಗಿ ಅವರ ಮೇಲೆ ಬಿದ್ದಿತ್ತು. ನನ್ನಿಂದ ಆಗಲಿಲ್ಲ. ನಿಮ್ಮ ಅತಿಥಿಗಳ ಕಾರು ಗೇಟಿನಿಂದಲೇ ತಿರುಗಿ ಹೋಯಿತೆಂದು ಆಮೇಲೆ ಯಾರೋ ಹೇಳಿದರು.

ಇದಕ್ಕೆ ನೀವು ಅಜಾಗರೂಕತೆ ಎಂಬ ಹೆಸರಿಟ್ಟಿದ್ದೀರಿ. "ಬಾಗಿಲನ್ನು ನಿವಾಸಿಯೇ ಒಳಗಿನಿಂದ ಕಟ್ಟಿಕೊಂಡಿದ್ದರು" ಎಂಬ ಸಾಲನ್ನೂ ಸೇರಿಸಿದ್ದೀರಿ. ಯಾರು ಕಟ್ಟಿಸಿದರು ಎಂಬುದನ್ನು ಬರೆಯುವಷ್ಟರಲ್ಲಿ ಶಾಯಿ ಮುಗಿಯಿತೇ? ಆ ಒಂದು ಸಾಲಿನಿಂದ ನೀವು ಕೈತೊಳೆದುಕೊಂಡಿರಿ. ನನ್ನ ತಂಗಿ ಅದನ್ನು ಹೊತ್ತುಕೊಂಡು ಆಸ್ಪತ್ರೆಯ ಮಂಚದಲ್ಲಿ ಮಲಗಿದ್ದಾಳೆ. ಅವಳ ಗಂಡ ಲಾರಿ ಓಡಿಸುವವರು, ದೂರದೂರಿನಿಂದ ಬಂದಿಳಿದವರಿಗೆ ತಾಯಿಯ ಮುಖಕ್ಕಿಂತ ಮೊದಲು ಕಂಡದ್ದು ಗೇಟಿನ ಮೇಲಿನ ನಿಮ್ಮ ಪ್ರಕಟಣೆ. ಅವರು ದಿನಾ ಊಟ ತರುತ್ತಾರೆ, ಸ್ಟೂಲಿನ ಮೇಲಿಡುತ್ತಾರೆ, ಕಿಟಕಿಯ ಆಚೆ ನೋಡುತ್ತ ನಿಲ್ಲುತ್ತಾರೆ. ಬೈದಿದ್ದರೂ ಚೆನ್ನಾಗಿತ್ತು. ಹೆಂಡತಿಯ ಮುಖ ನೋಡಿ ಮಾತಾಡಿದ್ದು ನಾನು ಕಂಡಿಲ್ಲ. ನಾನು ತುತ್ತು ಬಾಯಿಗಿಟ್ಟರೆ ತಂಗಿ ಮುಖ ತಿರುಗಿಸುತ್ತಾಳೆ.

"ಗಂಟು ಹಾಕಿದ್ದು ನಾನೇ ಅಲ್ವಾ ಅಣ್ಣ," ಎನ್ನುತ್ತಾಳೆ. "ಸರ್ಕಾರದವರೇ ಬರೆದಿದ್ದಾರಲ್ಲ."

ನಿನ್ನದಲ್ಲ ತಪ್ಪು ಎಂದು ನಾನು ಹೇಳಿ ಹೇಳಿ ಸೋತೆ. ಅಣ್ಣ ಹೇಳುವುದು ಪ್ರೀತಿಗೆ, ಸರ್ಕಾರ ಬರೆದದ್ದು ಸತ್ಯ ಎಂದು ಅವಳು ನಂಬಿದ್ದಾಳೆ. ನಿಮ್ಮ ಮೇಲೆ ಇಷ್ಟು ನಂಬಿಕೆ ಇಟ್ಟವಳಿಗೇ ನೀವು ಹೀಗೆ ಮಾಡಿದಿರಿ.

ಈಗ ನನ್ನ ಬೇಡಿಕೆ. ಮೈದಾನದಲ್ಲಿ ಇನ್ನೂ ಬೇಕಾದಷ್ಟು ಟೆಂಟುಗಳಿವೆ, ಚಳಿ ಹತ್ತಿರ ಬರುತ್ತಿದೆ, ಒಲೆಗಳು ಈ ಹೊತ್ತಿಗೂ ಒಳಗೇ ಇವೆ; ಇಟ್ಟಿಗೆ ಸಾಗಿಸಿದ ಮೇಲೆ ಅವರಾದರೂ ಎಲ್ಲಿಗೆ ಹೋಗಬೇಕು? ಆ ಜಾಗವನ್ನು ಇವತ್ತೇ ವಾಪಸು ಕೊಡಿ, ಮೇಲೆ ತಗಡು ಹಾಕಿಸಿ, ನಾಲ್ಕೂ ಕಡೆ ಬಯಲು ಬಿಡಿ, ಟೆಂಟುಗಳನ್ನು ಬಿಡಿಬಿಡಿಯಾಗಿ ಹಾಕಿಸಿ. ಗೇಟಿನ ಪ್ರಕಟಣೆಯನ್ನು ಕಿತ್ತು, ನಡೆದದ್ದು ನಡೆದ ಹಾಗೆ ಬರೆದು ಅಂಟಿಸಿ. ಅಷ್ಟು ಮಾಡಿದರೂ ನಿಮ್ಮನ್ನು ಬಿಡುವುದಿಲ್ಲ. ನೀವೇ ಆಸ್ಪತ್ರೆಗೆ ಬರಬೇಕು, ಅವಳ ಗಂಡ ಇರುವ ಹೊತ್ತು ನೋಡಿಕೊಂಡು ಬರಬೇಕು. ಒಲೆ ಒಳಗಿಡಿಸಿದ್ದು ನಾನು, ಬಾಗಿಲು ಕಟ್ಟಿಸಿದ್ದು ನಾನು ಎಂದು ಅವರಿಬ್ಬರಿಗೂ ಕೇಳುವ ಹಾಗೆ ನಿಮ್ಮ ಬಾಯಿಂದಲೇ ಹೇಳಬೇಕು. ನೀವು ಬಂದಾಗ ನನ್ನ ತಂಗಿ ಎದ್ದು ಕೂತು ನಿಮಗೆ ಕೈ ಮುಗಿಯಲಾರಳು. ಕೈಗಳ ಕಟ್ಟು ಇನ್ನೂ ಬಿಚ್ಚಿಲ್ಲ. ಅದನ್ನೂ ಅವಳ ತಪ್ಪೆಂದು ಬರೆದುಕೊಳ್ಳಬೇಡಿ.

ಇಂತಿ,
ತನ್ನ ಮಾತು ಸಾಲದೆ ನಿಮ್ಮ ಮಾತಿಗೆ ಕೈಯೊಡ್ಡಿ ನಿಂತ
ಅವಳ ಅಣ್ಣ